ಜೆರಾಕ್ಸ್ ಅಂಗಡಿಯಲ್ಲಿ ಹಾರ್ಡ್‌ಕೋರ್

ಕಳೆದ ತಿಂಗಳು ಒಂದು ಬೆಳಿಗ್ಗೆ ಅಂಗಡಿಯಲ್ಲಿ ಸ್ವಲ್ಪ ಮರ್ಯಾದೆ ಹೋಯಿತು. ಪರ್ಕಳ ಕಡೆಯ ಹಿರಿಯರೊಬ್ಬರು ಆರ್‌ಟಿಸಿ ಪ್ರಿಂಟ್ ತೆಗೆಸಲು ಬಂದಿದ್ದರು. ಕಂಪ್ಯೂಟರ್ ಪರದೆಯನ್ನು ನಾನು ಗಿರಾಕಿಗಳಿಗೂ ಕಾಣುವ ಹಾಗೆ ತಿರುಗಿಸಿ ಇಟ್ಟಿದ್ದೇನೆ. ಸರ್ವೆ ನಂಬರ್ ತಪ್ಪಿದರೆ ಅವರೇ ಹೇಳಲಿ ಅಂತ. ಅವತ್ತು ಪರದೆಯ ಮೂಲೆಯಲ್ಲಿ ಹಾಡಿನ ಪ್ಲೇಯರ್ ತೆರೆದೇ ಇತ್ತು. ಅದರಲ್ಲಿ ದಪ್ಪ ಅಕ್ಷರದಲ್ಲಿ ಆಲ್ಬಂ ಹೆಸರು: ಗ್ರೂಪ್ ಸೆಕ್ಸ್. ಹಿರಿಯರು ಕನ್ನಡಕ ಸರಿಮಾಡಿಕೊಂಡು ನಿಧಾನಕ್ಕೆ ಓದಿದರು. ನಾನು ಮೌಸ್ ಹುಡುಕಿದೆ. ಅವರು ಏನೂ ಹೇಳಲಿಲ್ಲ. ಪ್ರಿಂಟ್ ಮಡಚಿ ಕಿಸೆಗೆ ಹಾಕಿ, ಚಿಲ್ಲರೆ ಕೂಡ ಕೇಳದೆ ಹೋದರು.

ಅದು ಹಾಡಿನ ಆಲ್ಬಂ ಮಾರಾಯ್ರೆ, ಹಾರ್ಡ್‌ಕೋರ್ ಪಂಕ್ ಅನ್ನುವ ಅತಿವೇಗದ, ಗಲಾಟೆಯ ರಾಕ್ ಸಂಗೀತದ್ದು. ಸರ್ಕಲ್ ಜರ್ಕ್ಸ್ ಅನ್ನುವ ಲಾಸ್ ಏಂಜಲೀಸಿನ ಬ್ಯಾಂಡು 1980ರಲ್ಲಿ ಮಾಡಿದ್ದು. 14 ಹಾಡು, ಎಲ್ಲ ಸೇರಿ ಕಾಲು ಗಂಟೆ. ಅವರ ಆರ್‌ಟಿಸಿ ಪುಟ ತೆರೆದುಕೊಳ್ಳುವಷ್ಟರಲ್ಲಿ ಅರ್ಧ ಆಲ್ಬಂ ಮುಗಿದಿತ್ತು.

ಅವರು ಹೋದ ಮೇಲೆ ಅಂಗಡಿಯಲ್ಲಿ ನನಗೆ ಸಹಾಯಕ್ಕೆ ಇರುವ ಹುಡುಗ ಕೇಳಿದ, "ಅಣ್ಣ, ಇದು ಎಂತ ಹಾಡು? ಇದರಲ್ಲಿ ಹಾಡು ಎಲ್ಲಿ ಉಂಟು?" ಒಳ್ಳೆಯ ಪ್ರಶ್ನೆಯೇ. ಬಾಯಲ್ಲಿ ಹೇಳಲು ಹೋದರೆ ಮಧ್ಯೆ ಹತ್ತು ಜನ ಗಿರಾಕಿ ಬರುತ್ತಾರೆ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ಮಣಿಪಾಲದಲ್ಲಿ ಒಂದು ಜೆರಾಕ್ಸ್ ಅಂಗಡಿ. ಡಿಟಿಪಿ, ಲ್ಯಾಮಿನೇಶನ್, ಸ್ಪೈರಲ್ ಬೈಂಡಿಂಗ್, ಮಕ್ಕಳ ಪ್ರಾಜೆಕ್ಟ್ ರಿಪೋರ್ಟ್. 2004ರಿಂದ ಇದೇ ಕೆಲಸ. ನಾನು ಈ ಹಾಡುಗಳನ್ನು ಮೊದಲು ಕೇಳಿದ್ದು 2008ರ ಮಳೆಗಾಲದಲ್ಲಿ. ಮಳೆಗಾಲದಲ್ಲಿ ನಮ್ಮ ಕಡೆ ಕಾಗದಕ್ಕೆ ಥಂಡಿ ಹಿಡಿಯುತ್ತದೆ. ಥಂಡಿ ಕಾಗದ ಮೆಷಿನ್ನಿಗೆ ಹೋದರೆ ಎರಡೆರಡು ಹಾಳೆ ಒಟ್ಟಿಗೆ ಎಳೆದುಕೊಂಡು ಜಾಮ್. ಅದಕ್ಕೆ ಕಾಗದದ ಕಪಾಟಿನೊಳಗೆ ಒಂದು 60 ವ್ಯಾಟಿನ ಬಲ್ಬ್ ಉರಿಸಿ ಇಡುತ್ತೇನೆ. ಅವತ್ತು ಆ ಬಲ್ಬೂ ಸುಟ್ಟುಹೋಗಿತ್ತು.

ಆಗ ಇಂಜಿನಿಯರಿಂಗ್ ಮೂರನೇ ವರ್ಷದ ಹುಡುಗನೊಬ್ಬ ಬಂದ. ಶಿಲ್ಲಾಂಗ್ ಕಡೆಯವನು. ಅವನಿಗೆ ಬರುತ್ತಿದ್ದ ಕನ್ನಡ ಎರಡೇ ಪದ, "ಅಣ್ಣ" ಮತ್ತು "ಎಷ್ಟು". ಕೈಯಲ್ಲಿ ಒಂದು ಎ4 ಹಾಳೆ. ಅದರ ತುಂಬ ಕತ್ತರಿಸಿ ಅಂಟಿಸಿದ ಚಿತ್ರ, ಟೈಪ್ ಮಾಡಿದ ಸಾಲು, ಕೆಲವು ಸಾಲು ತಲೆಕೆಳಗೆ. ಆ ಹಾಳೆಯನ್ನು ಮೂರು ಸಲ ಮಡಚಿ, ನಡುವೆ ಒಂದೇ ಒಂದು ಕತ್ತರಿ ಹಾಕಿದರೆ ಎಂಟು ಪುಟದ ಪುಸ್ತಕ ಆಗುತ್ತದೆ. ನನ್ನ ಎದುರಿಗೇ ಮಾಡಿ ತೋರಿಸಿದ. ಅಷ್ಟು ವರ್ಷ ಕಾಗದದ ಜೊತೆಗೇ ಇದ್ದು ನನಗೆ ಅದು ಗೊತ್ತಿರಲಿಲ್ಲ, ನಾಚಿಕೆಯಾಯಿತು. ಅವನಿಗೆ 30 ಪ್ರತಿ ಬೇಕಿತ್ತು, ಆದಷ್ಟು ಕಪ್ಪಾಗಿ. ಬೂದು ಬಣ್ಣ ಬರಲೇಬಾರದು. ಟೋನರ್ ಜಾಸ್ತಿ ತಿನ್ನುತ್ತದೆ ಅಂತ ನಾನು ಗೊಣಗಿದೆ. ಜಾಸ್ತಿ ದುಡ್ಡು ಕೊಡ್ತೇನೆ ಅಂದ.

ಎರಡನೇ ಪ್ರತಿಗೇ ಜಾಮ್ ಆಯಿತು. ನಾನು ಮೆಷಿನ್ನಿನ ಬಾಗಿಲು ತೆರೆದು ಬಗ್ಗಿದೆ. ಹುಡುಗ ಸುಮ್ನೆ ನಿಲ್ಲುವ ಬದಲು ತನ್ನ ಒಂದು ಇಯರ್‌ಫೋನ್ ತೆಗೆದು ನನ್ನ ಕಿವಿಗೆ ಇಟ್ಟ. ಹಾಳೆ ಎಳೆದು ತೆಗೆದು ನಾನು ಎದ್ದು ನಿಲ್ಲುವಷ್ಟರಲ್ಲಿ ಹಾಡು ಮುಗಿದಿತ್ತು.

"ಇಷ್ಟೇನಾ?"

"ಇಷ್ಟೇ ಅಣ್ಣ."

ಮೈನರ್ ಥ್ರೆಟ್ ಬ್ಯಾಂಡಿನ 'ಸ್ಟ್ರೈಟ್ ಎಡ್ಜ್'. 1981ರದ್ದು. ಒಟ್ಟು 46 ಸೆಕೆಂಡ್.

ನಾನು ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವನು. ಬೆಳಗಿನ ಜಾವದವರೆಗೆ ಎಳೆದರೇ ಅದು ಆಟ. ನನಗೆ 46 ಸೆಕೆಂಡಿನ ಹಾಡು ಅಂದರೆ ಯಾರೋ ಬಾಗಿಲು ಬಡಿದು ಓಡಿಹೋದ ಹಾಗೆ ಆಯಿತು. ಇನ್ನೊಮ್ಮೆ ಹಾಕು ಅಂದೆ. ಎರಡನೇ ಸಲ ಕೇಳುವಾಗ ಗೊತ್ತಾಯಿತು, ಈ ಪೆಟ್ಟು ನನಗೆ ಹೊಸದಲ್ಲ. ಹುಲಿವೇಷದ ತಾಸೆ! ಅಷ್ಟಮಿಗೆ, ದಸರಾಕ್ಕೆ ಬೀದಿಯ ಆ ತುದಿಯಲ್ಲಿ ತಾಸೆ ಶುರುವಾದರೆ ಈ ತುದಿಯಲ್ಲಿ ನಿಂತವರ ಕಾಲು ತನ್ನಷ್ಟಕ್ಕೆ ಅಲ್ಲಾಡುತ್ತದಲ್ಲ, ಅದೇ. ಹಾರ್ಡ್‌ಕೋರ್ ಕೇಳಲು ಶುರು ಮಾಡುವವರಿಗೆ ನಾನು ಹೇಳುವುದು ಇಷ್ಟೇ. ಮೊದಲು ಹಾಡುಗಾರನ ಮಾತು ಹಿಡಿಯಲು ಹೋಗಬೇಡಿ. ಡ್ರಮ್ ಹಿಡಿಯಿರಿ. ಮಾತು ಆಮೇಲೆ ಬರುತ್ತದೆ.

ಮಾತಿನ ಅರ್ಥ ಹುಡುಗ ಹೇಳಿದ. ನಾನೂ ನಿನ್ನ ಹಾಗೇ ಒಬ್ಬ ಮನುಷ್ಯ, ಆದರೆ ಅಮಲಿನಲ್ಲಿ ಕೂತು ಸಮಯ ಹಾಳು ಮಾಡುವುದಕ್ಕಿಂತ ನನಗೆ ಬೇರೆ ಕೆಲಸ ಉಂಟು, ಅಂತ. ನಾನು ನಕ್ಕುಬಿಟ್ಟೆ. ಇದು ನಮ್ಮ ಅಮ್ಮ ಹೇಳುವ ಮಾತು. ಅಮ್ಮ ಇಷ್ಟು ಜೋರಾಗಿ ಹೇಳುವುದಿಲ್ಲ, ಅಷ್ಟೇ.

ಹಿನ್ನೆಲೆ ಬೇಗ ಹೇಳಿ ಮುಗಿಸುತ್ತೇನೆ. ಪಂಕ್ ಅನ್ನುವುದು 1970ರ ದಶಕದ ನಡುವಿನಲ್ಲಿ ನ್ಯೂಯಾರ್ಕ್, ಲಂಡನ್ ಕಡೆ ಶುರುವಾಯಿತು. ದಶಕ ಮುಗಿಯುವ ಹೊತ್ತಿಗೆ ಲಾಸ್ ಏಂಜಲೀಸಿನ ಸುತ್ತಿನ ಊರುಗಳಲ್ಲಿ, ವಾಷಿಂಗ್ಟನ್ನಿನಲ್ಲಿ ಇನ್ನೂ ಚಿಕ್ಕ ಹುಡುಗರು ಅದನ್ನು ಹಿಡಿದರು. ವೇಗ ಜಾಸ್ತಿ ಮಾಡಿದರು, ಹಾಡು ಗಿಡ್ಡ ಮಾಡಿದರು, ಅಲಂಕಾರ ಕಿತ್ತು ಬಿಸಾಡಿದರು. ಕೆನಡಾದ ವ್ಯಾಂಕೂವರಿನ ಡಿ.ಒ.ಎ. ಅನ್ನುವ ಬ್ಯಾಂಡು 'ಹಾರ್ಡ್‌ಕೋರ್ 81' ಅಂತ ಆಲ್ಬಂ ತಂದ ಮೇಲೆ ಆ ಹೆಸರು ಎಲ್ಲರ ಬಾಯಿಗೆ ಬಂತು.

ಈಗ ಮೈನರ್ ಥ್ರೆಟ್. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇದು ಕಾಗದದ ಕತೆ.

ಹಾಡುಗಾರ ಇಯಾನ್ ಮೆಕೇ, ಡ್ರಮ್ಮಿನ ಜೆಫ್ ನೆಲ್ಸನ್. ಇಬ್ಬರೂ ಮೊದಲು ಟೀನ್ ಐಡಲ್ಸ್ ಅನ್ನುವ ಬ್ಯಾಂಡಿನಲ್ಲಿ ಇದ್ದರು. ಕಾರ್ಯಕ್ರಮದಿಂದ ಬಂದ ದುಡ್ಡನ್ನು ಅವರು ಹಂಚಿಕೊಳ್ಳುತ್ತಿರಲಿಲ್ಲ. ಒಂದು ಡಬ್ಬಿಗೆ ಹಾಕುತ್ತಿದ್ದರು. 1980ರ ಕೊನೆಗೆ ಬ್ಯಾಂಡ್ ಮುಚ್ಚಿದಾಗ ಡಬ್ಬಿಯಲ್ಲಿ ಸುಮಾರು 600 ಡಾಲರ್ ಇತ್ತು. ಹಂಚಿಕೊಳ್ಳುವುದೋ, ರೆಕಾರ್ಡ್ ಮಾಡಿಸುವುದೋ? ರೆಕಾರ್ಡ್ ಅಂತ ತೀರ್ಮಾನ ಆಯಿತು. ಅದಕ್ಕೆಂದೇ ಡಿಸ್ಕಾರ್ಡ್ ಅಂತ ಒಂದು ಕಂಪನಿ ಹುಟ್ಟಿತು. ಏಳು ಇಂಚಿನ ರೆಕಾರ್ಡು, ಎಂಟು ಹಾಡು, 1000 ಪ್ರತಿ. ರೆಕಾರ್ಡ್ ಒತ್ತಿಸಲು ಕಾರ್ಖಾನೆ ಉಂಟು, ಕವರಿಗೆ ಏನು ಮಾಡುವುದು? ಇಂಗ್ಲೆಂಡಿನಿಂದ ಬಂದ ಒಂದು ರೆಕಾರ್ಡಿನ ಕವರನ್ನು ತೆಗೆದುಕೊಂಡು, ಅಂಟು ಬಿಡಿಸಿ, ಹಾಳೆಯನ್ನು ನೆಲದ ಮೇಲೆ ಹರಡಿ, ಅದರ ಅಂಚಿನ ಸುತ್ತ ಪೆನ್ಸಿಲ್ ಎಳೆದರು. ಅದೇ ಅಳತೆಗೆ ಮುದ್ರಿಸಿ, ಸ್ನೇಹಿತರೆಲ್ಲ ಕೂತು ಕತ್ತರಿಯಲ್ಲಿ ಕತ್ತರಿಸಿ, ಮಡಚಿ, ಗೋಂದು ಹಚ್ಚಿದರು.

ನಮ್ಮಲ್ಲಿ ಮದುವೆ ಕಾಗದದ ಕವರ್ ಮಾಡುವಾಗ ಮಾಡುವುದು ಇದನ್ನೇ. ಹೊಸ ಡಿಸೈನ್ ಬೇಕು ಅಂದರೆ ಗಿರಾಕಿ ಯಾರದೋ ಮನೆಯ ಮದುವೆಯ ಕವರ್ ತಂದು ಕೊಡುತ್ತಾರೆ. ನಾವು ಬಿಡಿಸಿ, ಹರಡಿ, ಗೀಟು ಹಾಕಿಕೊಳ್ಳುತ್ತೇವೆ. ಆ ಭಾಗ ಓದಿದಾಗ ನನಗೆ ಈ ಹುಡುಗರು ಹತ್ತಿರದವರು ಅನಿಸಿದ್ದು. ಗಲಾಟೆ ಮಾಡುವವರು ಸೋಮಾರಿಗಳು ಅಂತ ನಾನು ಅಂದುಕೊಂಡಿದ್ದೆ. ಇವರು ನೋಡಿದರೆ ಅಂಗಡಿ ಜನ.

ಆ ಮೊದಲ ರೆಕಾರ್ಡಿನ ಕವರಿನ ಮೇಲೆ ಮುಷ್ಟಿ ಕಟ್ಟಿದ ಎರಡು ಕೈ ಅಡ್ಡಕ್ಕೆ ಇವೆ. ಹಿಂಗೈ ಮೇಲೆ ದೊಡ್ಡದಾಗಿ ಎಕ್ಸ್ ಗುರುತು. ಆ ಹುಡುಗರು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ ಸ್ಯಾನ್ ಫ್ರಾನ್ಸಿಸ್ಕೋದ ಮಬುಹಾಯ್ ಗಾರ್ಡನ್ಸ್ ಅನ್ನುವ ಕ್ಲಬ್ಬಿನಲ್ಲಿ, ಇವರು ಸಣ್ಣವರು, ಕುಡಿಯಲು ಕೊಡಬಾರದು ಅಂತ ಗೊತ್ತಾಗಲಿ ಎಂದು ಕೈ ಮೇಲೆ ಹೀಗೆ ಗುರುತು ಹಾಕಿದ್ದರು. ಹುಡುಗರು ಊರಿಗೆ ಬಂದು ಅದನ್ನೇ ವಾಷಿಂಗ್ಟನ್ನಿನ ಕ್ಲಬ್ಬುಗಳಿಗೆ ಹೇಳಿದರು. ನಮ್ಮನ್ನು ಒಳಗೆ ಬಿಡಿ, ಗುರುತು ಹಾಕಿ ಬಿಡಿ, ನಾವು ಕುಡಿಯುವುದಿಲ್ಲ ಅಂತ. ಕುಡಿಯಲು ಕೊಡಬೇಡಿ ಅಂತ ಹಾಕಿದ ಗುರುತು ಒಳಗೆ ಹೋಗುವ ಟಿಕೆಟ್ ಆಯಿತು. ಆಮೇಲೆ ಕುಡಿಯದವರೆಲ್ಲ ತಾವಾಗಿಯೇ ಹಾಕಿಕೊಳ್ಳುವ ಹಚ್ಚೆಯೂ ಆಯಿತು.

ಅಲ್ಲೇ ಒಂದು ಜಗಳವೂ ಉಂಟು. 'ಔಟ್ ಆಫ್ ಸ್ಟೆಪ್' ಅನ್ನುವ ಹಾಡಿನಲ್ಲಿ ಸೇದುವುದು, ಕುಡಿಯುವುದು ಬೇಡ ಅನ್ನುವ ಸಾಲುಗಳಿವೆ. ಇಂಗ್ಲಿಷಿನಲ್ಲಿ 'ನಾನು' ಅನ್ನುವ ಪದ ಬಿಟ್ಟರೆ, 'ನಾನು ಕುಡಿಯುವುದಿಲ್ಲ' ಅನ್ನುವುದು 'ನೀನು ಕುಡಿಯಬೇಡ' ಅಂತ ಕೇಳಿಸುತ್ತದೆ. ಡ್ರಮ್ಮಿನ ನೆಲ್ಸನ್‌ಗೆ ಇದು ಸರಿಬರಲಿಲ್ಲ, ನಾವು ಯಾರಿಗೂ ಬೋಧನೆ ಮಾಡುವುದು ಬೇಡ ಅಂತ ಅವನ ವಾದ. 1983ರಲ್ಲಿ ಅದೇ ಹಾಡನ್ನು ಮತ್ತೆ ರೆಕಾರ್ಡ್ ಮಾಡಿದಾಗ ಮೆಕೇ ನಡುವೆ ನಿಂತು, ಇದು ನಿಯಮದ ಪಟ್ಟಿ ಅಲ್ಲ ಅಂತ ಮಾತಿನಲ್ಲೇ ಹೇಳುತ್ತಾನೆ. ಕನ್ನಡದಲ್ಲಿ ಬರೆದಿದ್ದರೆ ಈ ಜಗಳವೇ ಇರುತ್ತಿರಲಿಲ್ಲ. ನಮ್ಮಲ್ಲಿ 'ಕುಡಿಯಲ್ಲ' ಬೇರೆ, 'ಕುಡಿಬೇಡ' ಬೇರೆ. ಯಾರು ಯಾರಿಗೆ ಹೇಳಿದ್ದು ಅನ್ನುವುದು ಕ್ರಿಯಾಪದದಲ್ಲೇ ಗೊತ್ತಾಗುತ್ತದೆ. ಅಷ್ಟು ಹೇಳಿದರೂ ಆಮೇಲಿನ ಹುಡುಗರು ಅದನ್ನು ನಿಯಮ ಮಾಡಿಕೊಂಡು, ಕುಡಿದವರಿಗೆ ಹೊಡೆಯುವವರೆಗೆ ಹೋದರು. ಅದು ಮೆಕೇಗೂ ಇಷ್ಟವಿರಲಿಲ್ಲ.

ಮೈನರ್ ಥ್ರೆಟ್ ಇದ್ದದ್ದು 1980ರಿಂದ 83ರವರೆಗೆ, ಅಷ್ಟೇ. ಅವರ ಎಲ್ಲ ಹಾಡು ಸೇರಿಸಿದ 'ಕಂಪ್ಲೀಟ್ ಡಿಸ್ಕೋಗ್ರಫಿ' ಅಂತ ಒಂದು ಸಂಗ್ರಹ ಉಂಟು. 26 ಹಾಡು, ಒಂದು ಗಂಟೆಯೂ ಇಲ್ಲ. ಶುರು ಮಾಡಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. 'ಫಿಲ್ಲರ್', 'ಇನ್ ಮೈ ಐಸ್', ಕೊನೆಗೆ 'ಸ್ಯಾಲಡ್ ಡೇಸ್'. ಸ್ಯಾಲಡ್ ಡೇಸ್ ಹೊತ್ತಿಗೆ ಗಂಟೆಯ ಸದ್ದೆಲ್ಲ ಬರುತ್ತದೆ, ಹುಡುಗರು ದೊಡ್ಡವರಾದದ್ದು ಕೇಳಿಸುತ್ತದೆ. ಆ ಸಂಗ್ರಹದಲ್ಲಿ 'ಗಿಲ್ಟಿ ಆಫ್ ಬೀಯಿಂಗ್ ವೈಟ್', ಅಂದರೆ ಬಿಳಿಯನಾದ ತಪ್ಪು, ಅಂತ ಒಂದು ಹಾಡು ಉಂಟು, ನಾನು ಅದನ್ನು ದಾಟಿಸುತ್ತೇನೆ. ಶಾಲೆಯಲ್ಲಿ ತಿಂದ ಪೆಟ್ಟಿನ ಸಿಟ್ಟಿನಲ್ಲಿ ಹುಡುಗ ಬರೆದದ್ದು. ಜನಾಂಗದ್ವೇಷಿಗಳು ಅದನ್ನು ತಮ್ಮದು ಮಾಡಿಕೊಂಡರು.

ಇದೇ ಮೆಕೇ ಆಮೇಲೆ 1987ರಲ್ಲಿ ಫುಗಾಜಿ ಅಂತ ಇನ್ನೊಂದು ಬ್ಯಾಂಡ್ ಕಟ್ಟಿದ. ಐದು ಡಾಲರಿನ ಟಿಕೆಟ್, ಎಲ್ಲ ವಯಸ್ಸಿನವರಿಗೂ ಪ್ರವೇಶ. ಅದು ಬೇರೆಯೇ ಕತೆ, ಇನ್ನೊಮ್ಮೆ.

ಆದರೆ ಮೆಕೇ ಮತ್ತು ಗೆಳೆಯರು ಬಾಯಿ ಬಿಟ್ಟು ನೋಡುತ್ತಿದ್ದದ್ದು ಬ್ಯಾಡ್ ಬ್ರೇನ್ಸ್ ಅನ್ನುವವರನ್ನು. ಅದೇ ವಾಷಿಂಗ್ಟನ್, ನಾಲ್ವರು ಕಪ್ಪು ಹುಡುಗರು. ಮೊದಲು ಜಾಝ್ ಫ್ಯೂಷನ್ ನುಡಿಸುತ್ತಿದ್ದವರು. ಆದ್ದರಿಂದ ಕೈ ಪಳಗಿತ್ತು. ಬೇರೆಯವರು ವೇಗವಾಗಿ ನುಡಿಸಿದರೆ ಗಾಡಿ ಅಡ್ಡಾದಿಡ್ಡಿ ಹೋಗುತ್ತದೆ. ಇವರು ಎಷ್ಟು ವೇಗ ಹೋದರೂ ಒಂದು ಪೆಟ್ಟೂ ತಪ್ಪುವುದಿಲ್ಲ. 1980ರ 'ಪೇ ಟು ಕಮ್' ಸುಮಾರು ಒಂದೂವರೆ ನಿಮಿಷ, ಕೇಳಿ ನೋಡಿ. ಹಾಡುಗಾರ ಎಚ್.ಆರ್. ವೇದಿಕೆ ಮೇಲೆ ಹಿಂದಕ್ಕೆ ಲಾಗ ಹಾಕಿ, ಹಾಡಿನ ಕೊನೆಯ ಪೆಟ್ಟಿಗೆ ಸರಿಯಾಗಿ ನೆಲಕ್ಕೆ ಕಾಲು ಇಡುತ್ತಿದ್ದ ಅಂತ ನೋಡಿದವರು ಹೇಳುತ್ತಾರೆ. ಹುಲಿವೇಷದವರಿಗೆ ಇದು ದೊಡ್ಡ ವಿಷಯ ಅಲ್ಲ ಬಿಡಿ, ಆದರೆ ಹುಲಿವೇಷದವರು ಅದರ ಜೊತೆ ಹಾಡುವುದಿಲ್ಲ.

ಅವರ ಮೊದಲ ಆಲ್ಬಂ 1982ರಲ್ಲಿ ಬಂದದ್ದು ಕ್ಯಾಸೆಟ್ ಆಗಿ ಮಾತ್ರ. ಹಳದಿ ಬಣ್ಣದ ಕವರ್, ಅದರಲ್ಲಿ ಅಮೆರಿಕದ ಪಾರ್ಲಿಮೆಂಟಿನ ಗುಮ್ಮಟಕ್ಕೆ ಸಿಡಿಲು ಹೊಡೆಯುವ ಚಿತ್ರ. ಅದರಲ್ಲಿ 'ಆಟಿಟ್ಯೂಡ್' ಅಂತ ಒಂದು ಹಾಡು. ಪಿ.ಎಂ.ಎ., ಪಿ.ಎಂ.ಎ. ಅಂತ ಕೂಗುತ್ತಾರೆ. ಪಾಸಿಟಿವ್ ಮೆಂಟಲ್ ಆಟಿಟ್ಯೂಡ್! ಈ ಮಾತು ಎಲ್ಲಿಂದ ಬಂತು ಗೊತ್ತಾ? ನೆಪೋಲಿಯನ್ ಹಿಲ್ ಪುಸ್ತಕದಿಂದ. ಹೌದು, ಅದೇ 'ಥಿಂಕ್ ಅಂಡ್ ಗ್ರೋ ರಿಚ್'. ಬೆಂಗಳೂರಿನ ಫುಟ್‌ಪಾತಿನಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಮಾರುತ್ತಾರಲ್ಲ, ಎಲ್ಐಸಿ ಏಜೆಂಟರ ಬ್ಯಾಗಿನಲ್ಲಿ ಇರುತ್ತದಲ್ಲ, ಅದು. ಅದರ ಸ್ಪೈರಲ್ ಬೈಂಡಿಂಗ್ ಪ್ರತಿ ನನ್ನ ಅಂಗಡಿಯಲ್ಲೇ ಎಷ್ಟು ಆಗಿದೆಯೋ. ಅದನ್ನು ಓದಿ ನನಗೆ ಗೊತ್ತಿದ್ದವರೆಲ್ಲ ಪಾಲಿಸಿ ಮಾರಿದರು. ಇವರು ಒಬ್ಬರೇ ಹೀಗೆ ಕಿರುಚಿದ್ದು.

ಈ ಬ್ಯಾಂಡು ಜಮೈಕಾದ ರಾಸ್ತಫಾರಿ ಪಂಥ ಹಿಡಿಯಿತು. ಆಲ್ಬಂ ನಡುನಡುವೆ ನಿಧಾನದ ರೆಗೆ ಹಾಡು ಬರುತ್ತದೆ. ದಾಟಿಸಬೇಡಿ. ಉಸಿರು ತೆಗೆದುಕೊಳ್ಳಲು ಅಂತಲೇ ಇಟ್ಟಿದ್ದು ಅನಿಸುತ್ತದೆ. ಆ ಪಂಥದ ಜೊತೆಗೇ ಸಲಿಂಗಿಗಳ ಮೇಲೆ ಒಂದು ಕೆಟ್ಟ ಸಿಟ್ಟೂ ಬಂತು. 1982ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ತಮಗೆ ಉಪಕಾರ ಮಾಡಿದ ಬಿಗ್ ಬಾಯ್ಸ್ ಬ್ಯಾಂಡಿನವರ ಜೊತೆ ಅವರು ನಡೆದುಕೊಂಡ ರೀತಿ ಹೊಲಸು. ಹಾಡು ಚೆನ್ನಾಗಿದೆ ಅಂತ ಅದನ್ನು ಮುಚ್ಚಿಡುವುದು ನನಗೆ ಬರುವುದಿಲ್ಲ.

ಇನ್ನು ಬ್ಲ್ಯಾಕ್ ಫ್ಲ್ಯಾಗ್. ಕ್ಯಾಲಿಫೋರ್ನಿಯಾದ ಹರ್ಮೋಸಾ ಬೀಚಿನವರು. ಗಿಟಾರಿನ ಗ್ರೆಗ್ ಗಿನ್ ಹುಡುಗನಾಗಿದ್ದಾಗಲೇ ಹ್ಯಾಮ್ ರೇಡಿಯೋದವರಿಗೆ ಬೇಕಾದ ಸಾಮಾನನ್ನು ಅಂಚೆಯಲ್ಲಿ ಮಾರುತ್ತಿದ್ದವನು. ಆ ವ್ಯಾಪಾರದ ಹೆಸರು ಎಸ್‌ಎಸ್‌ಟಿ. ಅದೇ ಹೆಸರಿನಲ್ಲಿ ರೆಕಾರ್ಡ್ ಕಂಪನಿ ತೆರೆದು 1979ರಲ್ಲಿ 'ನರ್ವಸ್ ಬ್ರೇಕ್‌ಡೌನ್' ತಂದ. ನಾಲ್ಕು ಹಾಡು, ಐದು ನಿಮಿಷ ಚಿಲ್ಲರೆ. ಇದರಲ್ಲಿ ಹಾಡಿದ ಕೀತ್ ಮಾರಿಸ್ ಆಮೇಲೆ ಬಿಟ್ಟುಹೋಗಿ ಕಟ್ಟಿದ್ದೇ ನನ್ನ ಮರ್ಯಾದೆ ತೆಗೆದ ಸರ್ಕಲ್ ಜರ್ಕ್ಸ್.

ಅವರ ಗುರುತು ನೋಡಿದ್ದೀರಾ? ನಾಲ್ಕು ಕಪ್ಪು ಪಟ್ಟಿ, ಒಂದು ಮೇಲೆ ಒಂದು ಕೆಳಗೆ. ಗಾಳಿಗೆ ಹಾರುವ ಬಾವುಟ. ಗಿನ್‌ನ ತಮ್ಮ, ಕಲಾವಿದ ರೇಮಂಡ್ ಪೆಟಿಬಾನ್ ಮಾಡಿದ್ದು. ಬ್ಯಾಂಡಿನ ಹೆಸರೂ ಅವನದೇ, ಕಾರ್ಯಕ್ರಮದ ಕರಪತ್ರಗಳ ಚಿತ್ರವೂ ಅವನದೇ. ಈ ಗುರುತಿನ ಬೆಲೆ ಜೆರಾಕ್ಸ್ ಅಂಗಡಿಯವನಿಗೆ ಗೊತ್ತು. ಜೆರಾಕ್ಸಿನ ಜೆರಾಕ್ಸ್ ತೆಗೆದರೆ ಮೊದಲು ಸಾಯುವುದು ಬೂದು ಬಣ್ಣ. ಫೋಟೋದಲ್ಲಿ ಮುಖ ಮಸಿಯಾಗುತ್ತದೆ, ಸಣ್ಣ ಅಕ್ಷರ ತಿಂದುಹೋಗುತ್ತದೆ. ನಾಲ್ಕು ಕಪ್ಪು ಪಟ್ಟಿ ನೂರನೇ ಪ್ರತಿಯಲ್ಲೂ ನಾಲ್ಕು ಕಪ್ಪು ಪಟ್ಟಿಯೇ. ಯಾವ ಹುಡುಗನೂ ಮಾರ್ಕರಿನಲ್ಲಿ ಗೋಡೆ ಮೇಲೆ ಎಳೆಯಬಹುದು. ಆ ಶಿಲ್ಲಾಂಗಿನ ಹುಡುಗ ಕಪ್ಪು ಕಪ್ಪು ಅಂತ ಯಾಕೆ ಹಟ ಹಿಡಿದಿದ್ದ ಅಂತ ನನಗೆ ಇದನ್ನು ನೋಡಿದ ಮೇಲೆ ಅರ್ಥವಾಯಿತು.

ಬ್ಲ್ಯಾಕ್ ಫ್ಲ್ಯಾಗಿನ ನಾಲ್ಕನೇ ಹಾಡುಗಾರ ಹೆನ್ರಿ ರೋಲಿನ್ಸ್. ವಾಷಿಂಗ್ಟನ್ನಿನವನು, ಮೆಕೇಯ ಬಾಲ್ಯದ ಗೆಳೆಯ. 1981ರಲ್ಲಿ ಅವನಿಗೆ 20 ವರ್ಷ, ಒಂದು ಐಸ್‌ಕ್ರೀಂ ಅಂಗಡಿಯ ಮ್ಯಾನೇಜರ್. ಬ್ಲ್ಯಾಕ್ ಫ್ಲ್ಯಾಗ್ ನೋಡಲು ನ್ಯೂಯಾರ್ಕಿಗೆ ಗಾಡಿ ಓಡಿಸಿಕೊಂಡು ಹೋಗಿದ್ದ. ಬೆಳಿಗ್ಗೆ ವಾಪಸ್ ಬಂದು ಅಂಗಡಿ ತೆರೆಯಬೇಕು, ಅದಕ್ಕೆ 'ಕ್ಲಾಕ್ಡ್ ಇನ್' ಹಾಡಿ ಅಂತ ಕೇಳಿದ. ಅದು ಕೆಲಸಕ್ಕೆ ಹಾಜರಿ ಹಾಕುವ ಹಾಡು. ಮೈಕ್ ಅವನ ಕೈಗೇ ಬಂತು, ಅವನೇ ಹಾಡಿದ. ಕೆಲವು ದಿನದಲ್ಲಿ ಬ್ಯಾಂಡಿನವರು ಕರೆಸಿಕೊಂಡರು. ರಾತ್ರಿ ಎಷ್ಟು ಹೊತ್ತಾದರೂ ಬೆಳಿಗ್ಗೆ ಶಟರ್ ಎತ್ತಬೇಕು ಅನ್ನುವ ಸಂಕಟ ನನಗೆ ಹೇಳಬೇಕಾಗಿಲ್ಲ.

ಅವನು ಹಾಡಿದ 'ಡ್ಯಾಮೇಜ್ಡ್' ಅದೇ ವರ್ಷ ಬಂತು. 'ರೈಸ್ ಅಬೌವ್' ಒಂದನ್ನು ಕೇಳಿದರೂ ಸಾಕು. ಇದು ಅಪ್ಪ ಅಮ್ಮನ ವಿರುದ್ಧದ ರೆಕಾರ್ಡ್ ಅಂತ ದೊಡ್ಡ ಕಂಪನಿಯ ಅಧಿಕಾರಿ ಹಂಚಲು ಒಪ್ಪಲಿಲ್ಲ. ಇವರು ಅವನ ಮಾತನ್ನೇ ಸ್ಟಿಕ್ಕರ್ ಮಾಡಿ ಕವರಿನ ಮೇಲೆ, ಆ ಕಂಪನಿಯ ಗುರುತು ಮುಚ್ಚುವ ಹಾಗೆ ಅಂಟಿಸಿ ಮಾರಿದರು. ಕವರಿನಲ್ಲಿ ರೋಲಿನ್ಸ್ ಕನ್ನಡಿಗೆ ಗುದ್ದಿ ರಕ್ತ ಸುರಿಯುವ ಫೋಟೋ ಉಂಟು. ಕನ್ನಡಿ ಒಡೆದದ್ದು ಸುತ್ತಿಗೆಯಲ್ಲಿ. ರಕ್ತ ಅಂದರೆ ಕೆಂಪು ಇಂಕಿಗೆ ಕಾಫಿ ಬೆರೆಸಿದ್ದು.  ಯಾರೋ ಕೆಲಸ ಗೊತ್ತಿದ್ದವರೇ ಮಾಡಿದ್ದು.

ಕಾಫಿ ಅಂದ ಮೇಲೆ ಡಿಸೆಂಡೆಂಟ್ಸ್ ಬಗ್ಗೆ ಹೇಳಲೇಬೇಕು. ಲಾಸ್ ಏಂಜಲೀಸಿನ ಹತ್ತಿರದವರೇ. ಇವರ ಅಮಲು ಕಾಫಿ. ಅದರ ಮೇಲೆ ಹಾಡು ಕಟ್ಟಿದ್ದಾರೆ, 1996ರ 'ಕಾಫಿ ಮಗ್' ಅರ್ಧ ನಿಮಿಷ ಚಿಲ್ಲರೆ. ನಮ್ಮ ಒಂದು ಫಿಲ್ಟರ್ ಕಾಫಿ ಲೋಟ ಅವರಿಗೆ ಯಾರಾದರೂ ಕೊಟ್ಟಿದ್ದರೆ ಹಾಡು ಇನ್ನೂ ಗಿಡ್ಡ ಆಗುತ್ತಿತ್ತೋ ಏನೋ. ಹಾಡುಗಾರ ಮೈಲೋ ಆಕರ್ಮನ್ 1982ರಲ್ಲಿ ಓದಲು ಬ್ಯಾಂಡ್ ಬಿಟ್ಟು ಹೋದ. ಅದಕ್ಕೆ ಆಲ್ಬಂ ಹೆಸರೇ 'ಮೈಲೋ ಗೋಸ್ ಟು ಕಾಲೇಜ್'. ಕವರಿನಲ್ಲಿ ಕನ್ನಡಕ, ಟೈ ಹಾಕಿದ ಹುಡುಗನ ಕಾರ್ಟೂನು. ಸುಮ್ನೆ ಹೆಸರಿಗೆ ಹೋದದ್ದಲ್ಲ, ಪಿಎಚ್‌ಡಿ ಮಾಡಿ, ಸಸ್ಯಗಳ ಮೇಲೆ ಸಂಶೋಧನೆ ಮಾಡುವ ವಿಜ್ಞಾನಿಯಾಗಿ ವರ್ಷಗಟ್ಟಲೆ ಕಂಪನಿಯಲ್ಲಿ ದುಡಿದ. ಬಿಡುವಿದ್ದಾಗ ಬಂದು ಹಾಡಿದ. ಮಣಿಪಾಲದ ಮಕ್ಕಳಿಗೆ ನಾನು ಮೊದಲು ಕೊಡುವುದು ಇದೇ ಆಲ್ಬಂ. 'ಹೋಪ್', 'ಸಬರ್ಬನ್ ಹೋಮ್'. ಹೆತ್ತವರು ಕೇಳಿದರೆ ಪಿಎಚ್‌ಡಿ ವಿಷಯ ಮೊದಲು ಹೇಳಿ ಅಂತ ಹೇಳಿಕೊಡುತ್ತೇನೆ. ಕೆಲವು ಹಾಡಿನ ಬೈಗುಳ ಈಗ ಕೇಳಿದರೆ ಮುಜುಗರ, ಅದೂ ನಿಜ.

ಉಳಿದವರನ್ನು ಓಡಿಸಿಬಿಡುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದ ಡೆಡ್ ಕೆನೆಡೀಸ್: 'ಹಾಲಿಡೇ ಇನ್ ಕಾಂಬೋಡಿಯಾ'. ಅವರ ಹಾಡುಗಾರ ಜೆಲ್ಲೋ ಬಿಯಾಫ್ರಾ 1979ರಲ್ಲಿ ಊರಿನ ಮೇಯರ್ ಚುನಾವಣೆಗೆ ನಿಂತ. ವ್ಯಾಪಾರಿಗಳೆಲ್ಲ ಊರೊಳಗೆ ಜೋಕರ್ ವೇಷ ಹಾಕಿಕೊಂಡು ಓಡಾಡಬೇಕು ಅನ್ನುವುದು ಅವನ ಪ್ರಣಾಳಿಕೆಯಲ್ಲಿ ಒಂದು. ನಾಲ್ಕನೇ ಸ್ಥಾನ ಬಂತು. ಸ್ಯಾನ್ ಪೆಡ್ರೋದ ಮಿನಿಟ್‌ಮೆನ್: 1984ರ 'ಡಬಲ್ ನಿಕಲ್ಸ್ ಆನ್ ದ ಡೈಮ್'. ಇವರು ಖರ್ಚು ಮಾಡುವುದರಲ್ಲಿ ಜಿಪುಣರು, ಹಾಡಿನಲ್ಲಿ ಧಾರಾಳಿಗಳು. ಗಿಟಾರಿನ ಡಿ. ಬೂನ್ 1985ರ ಡಿಸೆಂಬರಿನಲ್ಲಿ ವ್ಯಾನ್ ಅಪಘಾತದಲ್ಲಿ ಸತ್ತ, 27 ವರ್ಷ. ಅದನ್ನು ತಿಳಿದ ಮೇಲೆ ಅವನ ನಗುವಿನಂಥ ಗಿಟಾರ್ ಕೇಳುವುದು ಸ್ವಲ್ಪ ಕಷ್ಟ. ಮಿನಿಯಾಪೊಲಿಸ್ ಕಡೆಯ ಹಸ್ಕರ್ ಡೂ: 'ಝೆನ್ ಆರ್ಕೇಡ್'. ಇಂಗ್ಲೆಂಡಿನ ಡಿಸ್ಚಾರ್ಜ್: ಇವರ ಡ್ರಮ್ ಪೆಟ್ಟಿಗೆ ಡಿ-ಬೀಟ್ ಅಂತ ಹೆಸರೇ ಬಿತ್ತು. ಮೆಟಲ್ ಕೇಳುವವರು ಇಲ್ಲಿಂದ ಶುರು ಮಾಡಿದರೂ ನಡೆಯುತ್ತದೆ.

ಈಗ ನಮ್ಮ ಊರಿಗೆ ಬರುತ್ತೇನೆ. ನ್ಯೂಯಾರ್ಕ್ ದಾರಿಯಾಗಿ.

ನ್ಯೂಯಾರ್ಕಿನಲ್ಲಿ ಸಿಬಿಜಿಬಿ ಅಂತ ಒಂದು ಕ್ಲಬ್ಬಿತ್ತು. ಭಾನುವಾರ ಮಧ್ಯಾಹ್ನ ಅಲ್ಲಿ ಹಾರ್ಡ್‌ಕೋರ್. ಆಗ್ನಾಸ್ಟಿಕ್ ಫ್ರಂಟ್, ಕ್ರೋ-ಮ್ಯಾಗ್ಸ್. ಇವರದು ವಾಷಿಂಗ್ಟನ್ನಿಗಿಂತ ಒರಟು, ಬೀದಿಯದು. ಕ್ರೋ-ಮ್ಯಾಗ್ಸ್ 1986ರಲ್ಲಿ ಒಂದು ಆಲ್ಬಂ ತಂದರು, ಕವರಿನಲ್ಲಿ ಅಣುಬಾಂಬಿನ ಹೊಗೆ. ಹೆಸರು 'ದಿ ಏಜ್ ಆಫ್ ಕ್ವಾರೆಲ್'. ಜಗಳದ ಯುಗ. ಅಂದರೆ ಯಾವುದು? ಕಲಿಯುಗ! ಹೌದು, ಆ ಅರ್ಥದಲ್ಲೇ ಇಟ್ಟದ್ದು. ಹಾಡುಗಾರ ಜಾನ್ ಜೋಸೆಫ್, ಬಾಸ್ ನುಡಿಸುವ ಹಾರ್ಲೆ ಫ್ಲ್ಯಾನಗನ್, ಇಬ್ಬರೂ ಹರೇ ಕೃಷ್ಣ ಕಡೆ ಹೋದವರು. ಆ ಕ್ಲಬ್ಬಿನಿಂದ ಸ್ವಲ್ಪ ದೂರ ನಡೆದರೆ ಸೆಕೆಂಡ್ ಅವೆನ್ಯೂ 26ನೇ ನಂಬರ್. 1966ರಲ್ಲಿ ಪ್ರಭುಪಾದರು ಇಸ್ಕಾನ್ ಶುರು ಮಾಡಿದ ಸಣ್ಣ ಅಂಗಡಿ ಕೋಣೆ. ಆಮೇಲೆ ಯೂತ್ ಆಫ್ ಟುಡೇ ಬ್ಯಾಂಡಿನ ರೇ ಕ್ಯಾಪೋ ಕೂಡ ಇದೇ ದಾರಿ ಹಿಡಿದು, ಶೆಲ್ಟರ್ ಅಂತ ಕೃಷ್ಣನ ಬ್ಯಾಂಡನ್ನೇ ಕಟ್ಟಿದ.

ಇಸ್ಕಾನಿನವರು ತಮ್ಮ ಗುರುಪರಂಪರೆ ಹೇಳುವಾಗ ಅದರಲ್ಲಿ ಮಧ್ವಾಚಾರ್ಯರ ಹೆಸರು ಬರುತ್ತದೆ. ಉಡುಪಿ ಕೃಷ್ಣನನ್ನು ಪ್ರತಿಷ್ಠೆ ಮಾಡಿದ ಅದೇ ಆಚಾರ್ಯರು. ಅಂದರೆ ಮೈ ತುಂಬ ಹಚ್ಚೆ ಹಾಕಿಸಿಕೊಂಡು ನ್ಯೂಯಾರ್ಕಿನ ಬೀದಿಯಲ್ಲಿ ಬೆಳೆದ ಹಾಡುಗಾರ ತನ್ನ ಗುರುಗಳ ಪಟ್ಟಿ ಹಿಡಿದು ಹಿಂದೆ ಹಿಂದೆ ಹೋದರೆ, ನನ್ನ ಅಂಗಡಿಯಿಂದ ಬಸ್ಸಿನಲ್ಲಿ ಕಾಲು ಗಂಟೆಯ ರಥಬೀದಿಗೆ ಬಂದು ಮುಟ್ಟುತ್ತಾನೆ. ಇದನ್ನು ತಿಳಿದ ದಿನ ನಾನು ಅಮ್ಮನಿಗೆ ಹೇಳಿದೆ. 'ವೀ ಗಾಟ ನೋ' ಹಾಡನ್ನೂ ಕೇಳಿಸಿದೆ. ಅಮ್ಮ ಪೂರ್ತಿ ಕೇಳಿದರು.

"ಕಲಿಯುಗದಲ್ಲಿ ನಾಮಸ್ಮರಣೆ ಮಾಡಿದರೆ ಸಾಕು ಅಂತ ಅಲ್ವಾ ಇರುವುದು. ಇಷ್ಟು ಕಿರುಚುವುದು ಎಂತಕ್ಕೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಇವರ ಕಾರ್ಯಕ್ರಮದಲ್ಲಿ ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಕುಣಿಯುವುದನ್ನು ವಿಡಿಯೋದಲ್ಲಿ ನೋಡಿ ಹೆದರುವವರು ಒಮ್ಮೆ ವಿಟ್ಲಪಿಂಡಿಗೆ ಬನ್ನಿ. ಮೊಸರುಕುಡಿಕೆ ಒಡೆಯುವಾಗ ರಥಬೀದಿಯಲ್ಲಿ ಇರುವುದು ಅದೇ ನೂಕಾಟ. ಬಿದ್ದವನನ್ನು ಪಕ್ಕದವನು ತೋಳು ಹಿಡಿದು ಎತ್ತುತ್ತಾನೆ. ಅಲ್ಲಿಯೂ ಅದೇ ನಿಯಮ. ಆದರೆ ಎಲ್ಲರೂ ಆ ನಿಯಮ ಪಾಲಿಸಲಿಲ್ಲ. ಹೊಡೆದಾಟ ಜಾಸ್ತಿಯಾಯಿತು. ನಾಜಿ ಗುರುತು ಹಾಕಿದ ಬೋಳು ತಲೆಯವರು ನುಗ್ಗಿದರು. ಡೆಡ್ ಕೆನೆಡೀಸ್ 1981ರಲ್ಲೇ ಅವರನ್ನು ಹೆಸರು ಹಿಡಿದು ಬೈದು ಒಂದು ಹಾಡು ಮಾಡಬೇಕಾಯಿತು. ವಾಷಿಂಗ್ಟನ್ನಿನವರು 1985ರಲ್ಲಿ 'ರೆವಲ್ಯೂಷನ್ ಸಮ್ಮರ್' ಅಂತ ಹೆಸರಿಟ್ಟುಕೊಂಡು, ಆ ಗೂಂಡಾಗಿರಿಗೆ ಬೆನ್ನು ಹಾಕಿ ಬೇರೆ ಥರದ ಹಾಡಿಗೆ ಹೊರಟರು. ಹೆಣ್ಣುಮಕ್ಕಳಿಗಂತೂ ಜಾಗ ಕಡಿಮೆ. ಬ್ಲ್ಯಾಕ್ ಫ್ಲ್ಯಾಗಿನಲ್ಲಿ ಎರಡು ವರ್ಷ ಬಾಸ್ ನುಡಿಸಿದ ಕಿರಾ ರೋಸ್ಲರ್ ಯುಸಿಎಲ್ಎ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ ಆ ಕೆಲಸ ಮಾಡಿದರು. ಪಟ್ಟಿ ಮಾಡಲು ಹೊರಟರೆ ಅಂಥ ಹೆಸರು ಬೇಗ ಮುಗಿಯುತ್ತದೆ.

ಕಳೆದ ಭಾನುವಾರ ಅಂಗಡಿಗೆ ರಜೆ. ತುಂಬ ದಿನದಿಂದ ಮನಸ್ಸಿನಲ್ಲಿದ್ದ ಒಂದು ಕೆಲಸ ಮಾಡಿದೆ. ಏಳು ಇಂಚಿನ ರೆಕಾರ್ಡಿನ ಕವರ್ ನಾನೇ ಮಾಡಿ ನೋಡುವುದು. ರೆಕಾರ್ಡು ಸುಮಾರು 18 ಸೆಂಟಿಮೀಟರ್. ಹಿಂದೆ ಒಂದು ಚೌಕ, ಮುಂದೆ ಒಂದು ಚೌಕ, ಅಂಟಿಸಲು ಎರಡು ಕಿವಿ. ಒಂದು ಎ3 ಹಾಳೆಯಲ್ಲಿ ಸರಿಯಾಗಿ ಕೂರುತ್ತದೆ. ಮದುವೆ ಕಾಗದಕ್ಕೆ ತಂದ ದಪ್ಪ ಕಾರ್ಡಿನಲ್ಲಿ 20 ಹಾಳೆ ಉಳಿದಿತ್ತು. ಅಮ್ಮ ಮೈದಾ ಬೇಯಿಸಿ ಅಂಟು ಮಾಡಿಕೊಟ್ಟರು, ಅಂಗಡಿಯ ಗೋಂದು ಅವರಿಗೆ ವಾಸನೆ. ನಾನು ಕತ್ತರಿಸುವುದು, ಅವರು ಮಡಚಿ ಅಂಟಿಸುವುದು. ಮೊದಲ ಮೂರು ಹಾಳಾದವು, ಕಿವಿ ಒಳಗೆ ಹೋಗುವ ಬದಲು ಹೊರಗೆ ಬಂತು. ಆಮೇಲೆ ಕೈ ಹಿಡಿಯಿತು. ಇಬ್ಬರೂ ಕೂತು ಒಂದಕ್ಕೆ ಏಳು ನಿಮಿಷ. 1000 ಕವರಿಗೆ ಲೆಕ್ಕ ಹಾಕಿದೆ, ಸುಮಾರು 117 ಗಂಟೆ. ಆ ಹುಡುಗರ ಬೆರಳು ಏನಾಗಿರಬೇಡ.

ಒಟ್ಟು 17 ಕವರ್ ಸರಿಯಾದವು. ಅಮ್ಮ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಅಂಚು ನೇರವಾಗಿತ್ತು, ಅವರದೇ ಕೆಲಸ.

"ಇದರೊಳಗೆ ಎಂತ ಹಾಕುವುದು?"

"ರೆಕಾರ್ಡ್ ಅಮ್ಮ. ಹಾಡಿನದ್ದು."

"ನಿನ್ನ ಹತ್ತಿರ ಉಂಟಾ?"

"ಇಲ್ಲ."

ಈಗ ಅವುಗಳಲ್ಲಿ ಒಂದು ಅಡುಗೆಮನೆಯ ಮೊಳೆಗೆ ನೇತಾಡುತ್ತಿದೆ. ಒಳಗೆ ಮೆಸ್ಕಾಂ ಬಿಲ್ಲು ಮತ್ತು ಗ್ಯಾಸಿನ ರಶೀದಿ. ಹೊರಗೆ ನಾಲ್ಕು ಕಪ್ಪು ಪಟ್ಟಿ.